ಅರ್ಧ ಗೇಣಿನ ಸಡಿಲು

ಅಪ್ಪ ಜೀಪು ಓಡಿಸುವಾಗ ಅವರ ಕೈ ಸುಮ್ಮನಿದ್ದದ್ದನ್ನು ನಾನು ನೋಡಿದ್ದೇ ಇಲ್ಲ. ನೇರ ರಸ್ತೆಯಲ್ಲೂ ಸ್ಟೇರಿಂಗು ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು ತೂಗುತ್ತಲೇ ಇರುತ್ತಿತ್ತು. ಜೀಪು ಓಡಿಸುವುದೆಂದರೇ ಹಾಗೆ ಎಂದು ಚಿಕ್ಕಂದಿನಲ್ಲಿ ನಂಬಿದ್ದೆ. ಯಾರದೋ ಮದುವೆಗೆ ಹಾಸನಕ್ಕೆ ಹೋಗುವಾಗ ಮೊದಲ ಸಲ ಅಂಬಾಸಿಡರ್ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದೆ. ಡ್ರೈವರನ ಕೈ ಕದಲದೆ ನಿಂತಿತ್ತು, ಕಾರು ಮಾತ್ರ ನೆಟ್ಟಗೆ ಹೋಗುತ್ತಿತ್ತು. ಇವನು ಓಡಿಸುತ್ತಲೇ ಇಲ್ಲವಲ್ಲ ಎಂದು ಭಯವಾಗಿತ್ತು.

ಅಪ್ಪನ ಕೈ ಹಾಗೆ ತೂಗುವುದಕ್ಕೆ ಕಾರಣವಿತ್ತು. ಮುಂದಿನ ಗಾಲಿ ಕೂದಲೆಳೆಯಷ್ಟೂ ಅಲುಗದೆ ಸ್ಟೇರಿಂಗು ಅರ್ಧ ಗೇಣು ತಿರುಗುತ್ತಿತ್ತು. ಗ್ಯಾರೇಜಿನ ಭಾಷೆಯಲ್ಲಿ ಇದಕ್ಕೆ ‘ಪ್ಲೇ’ ಎನ್ನುತ್ತಾರೆ. ಆ ಅರ್ಧ ಗೇಣಿನೊಳಗೆ ಜೀಪು ತನಗೆ ತೋಚಿದ ಕಡೆ ಹೋಗುತ್ತದೆ. ತಿರುವು ಬರುವ ಮೊದಲೇ ಅಪ್ಪ ಆ ಸಡಿಲನ್ನೆಲ್ಲ ಒಂದು ಬದಿಗೆ ಎಳೆದಿಟ್ಟುಕೊಳ್ಳುತ್ತಿದ್ದರು, ಗಾಡಿ ಎತ್ತಿನ ಹಗ್ಗವನ್ನು ಇಳಿಜಾರಿಗೆ ಮುಂಚೆ ಬಿಗಿ ಹಿಡಿದುಕೊಳ್ಳುವ ಹಾಗೆ. ನಲವತ್ತು ವರ್ಷ ಹಾಗೇ ಓಡಿಸಿದರು. ಕಾಫಿ ಮೂಟೆ, ಗೊಬ್ಬರ, ಹೆರಿಗೆಗೆ ಹೊರಟ ಹೆಂಗಸರು, ಶಾಲೆಗೆ ಹೊರಟ ನಾವು, ಎಲ್ಲರನ್ನೂ ಆ ಸಡಿಲಿನ ಮೇಲೇ ಸಾಗಿಸಿದರು.

ನಮ್ಮದು ಸಕಲೇಶಪುರದ ಕಡೆಯ ಒಂದು ಸಣ್ಣ ತೋಟ. ಜೀಪು ಅಜ್ಜನ ಕಾಲದ್ದು, ಎರಡನೇ ಮಹಾಯುದ್ಧದ್ದು. ಯುದ್ಧ ಮುಗಿದ ಮೇಲೆ ಸೇನೆ ಮಾರಿದ ಇಂಥ ಜೀಪುಗಳು ಮಲೆನಾಡಿಗೂ ಕೊಡಗಿಗೂ ಸಾಕಷ್ಟು ಬಂದವು. ‘ಡಿಸ್ಪೋಸಲ್ ಜೀಪು’ ಎಂದೇ ಅವಕ್ಕೆ ಹೆಸರು. ಸ್ಟೇರಿಂಗು ಎಡಗಡೆ ಇರುವುದರಿಂದ ದೂರದಿಂದಲೇ ಗುರುತು ಸಿಗುತ್ತದೆ. ಅಮೆರಿಕದಲ್ಲಿ ಈ ಜೀಪನ್ನು ವಿಲ್ಲೀಸ್ ಮತ್ತು ಫೋರ್ಡ್ ಎರಡೂ ಕಂಪನಿಗಳು ಒಂದೇ ನಕ್ಷೆಯಿಂದ ತಯಾರಿಸಿದವು. ಎರಡೂ ಸೇರಿ ಸುಮಾರು 6.4 ಲಕ್ಷ. ನಮ್ಮದರಲ್ಲಿ ಕಂಪನಿಯ ಹೆಸರಿನ ಪಟ್ಟಿಗಳು ಎಂದೋ ಕಳೆದುಹೋಗಿದ್ದವು. ಬೋಲ್ಟುಗಳ ತಲೆಯ ಮೇಲಿನ ಮಣ್ಣು ಕೆರೆದಾಗ ಪುಟ್ಟದೊಂದು ‘ಎಫ್’ ಅಕ್ಷರ ಕಂಡಿತು. ತನ್ನ ಸಣ್ಣ ಸಣ್ಣ ಬಿಡಿಭಾಗಕ್ಕೂ ಹಾಗೆ ಗುರುತು ಒತ್ತುತ್ತಿದ್ದದ್ದು ಫೋರ್ಡ್. ರೇಡಿಯೇಟರಿನ ಕೆಳಗಿನ ಅಡ್ಡಪಟ್ಟಿ ವಿಲ್ಲೀಸ್‌ನಲ್ಲಿ ಕೊಳವೆಯಾಕಾರ, ಫೋರ್ಡ್‌ನಲ್ಲಿ ಕವುಚಿದ ತೊಟ್ಟಿಯಾಕಾರ. ನಮ್ಮದು ತೊಟ್ಟಿ. ಹೀಗೆ ಅದರ ತವರು ಗೊತ್ತಾಯಿತು.

ಸ್ಟೇರಿಂಗ್ ಬಾಕ್ಸ್ ನಾನೇ ಬಿಚ್ಚಬೇಕೆಂದು ತೀರ್ಮಾನಿಸಿದ್ದು ಒಂದು ಭಯದಿಂದ. ಪ್ಲೇ ಜಾಸ್ತಿಯಾಯಿತೆಂದು ಒಂದು ಗ್ಯಾರೇಜಿಗೆ ಬಿಟ್ಟಿದ್ದೆವು. ಬಾಕ್ಸಿನ ಪಕ್ಕದ ಮುಚ್ಚಳದಲ್ಲಿ ಒಂದು ಸ್ಕ್ರೂ ಇದೆ, ಅದನ್ನು ಬಿಗಿಸಿ ಕೊಟ್ಟರು. ಹತ್ತು ನಿಮಿಷದ ಕೆಲಸ. ಪ್ಲೇ ಮಾಯವಾಗಿತ್ತು, ಎಲ್ಲರಿಗೂ ಖುಷಿ. ಮರುದಿನ ಬಿಸಿಲೆ ಘಾಟಿ ಇಳಿಯುವಾಗ ಒಂದು ಬಲ ತಿರುವಿನಲ್ಲಿ ಸ್ಟೇರಿಂಗು ತಿರುಗಿತು, ಆಮೇಲೆ ವಾಪಸ್ಸು ಬರಲಿಲ್ಲ. ಸಾಮಾನ್ಯವಾಗಿ ತಿರುವು ಮುಗಿದ ಮೇಲೆ ಹಿಡಿತ ಸ್ವಲ್ಪ ಬಿಟ್ಟರೆ ಗಾಲಿಗಳೇ ನೆಟ್ಟಗಾಗುತ್ತವೆ. ಕಿಂಗ್ ಪಿನ್ನನ್ನು ಹಿಂದಕ್ಕೆ ಮೂರು ಡಿಗ್ರಿ ವಾಲಿಸಿ ಕೂರಿಸಿರುವುದೇ ಅದಕ್ಕಾಗಿ. ಅವತ್ತು ಬಾಕ್ಸಿನ ಬಿಗಿ ಆ ತಾಕತ್ತನ್ನು ನುಂಗಿಹಾಕಿತ್ತು. ನಾನು ಎರಡೂ ಕೈಯಲ್ಲಿ ಎಳೆದು ತಿರುಗಿಸಿ ನಿಲ್ಲಿಸಿದೆ. ಮೋರಿಯ ಕಟ್ಟೆಗೂ ಮಡ್‌ಗಾರ್ಡಿಗೂ ನಡುವೆ ಒಂದು ಅಂಗೈ ಹಿಡಿಸುವಷ್ಟು ಜಾಗ ಉಳಿದಿತ್ತು. ಪಕ್ಕದಲ್ಲಿ ಮಗಳಿದ್ದಳು. ಆ ಸ್ಕ್ರೂವನ್ನು ಅಲ್ಲೇ ಸಡಿಲಿಸಿ, ಹಳೆಯ ಪ್ಲೇಯನ್ನೇ ಕರೆಸಿಕೊಂಡು, ಮೊದಲ ಗೇರಿನಲ್ಲಿ ಮನೆಗೆ ಬಂದೆ.

ಒಂದು ಸ್ಕ್ರೂ ಬಿಗಿಸಿದರೆ ಹೀಗೇಕಾಯಿತು ಎಂದು ತಿಳಿಯಲು ಒಳಗೇನಿದೆ ನೋಡಬೇಕು.

ಒತ್ತು ಶಾವಿಗೆ ಮಾಡುವ ಒರಳಿನ ತಿರುಪನ್ನು ನೆನಪಿಸಿಕೊಳ್ಳಿ. ಹಿಡಿ ಸುತ್ತ ತಿರುಗಿದಂತೆ ತಿರುಪು ಕೆಳಗಿಳಿಯುತ್ತದೆ. ಜೀಪಿನ ಬಾಕ್ಸಿನಲ್ಲೂ ಸ್ಟೇರಿಂಗ್ ಕಂಬಿಯ ತುದಿಯಲ್ಲಿ ಅಂಥದೇ ತಿರುಪಿದೆ. ಅದಕ್ಕೆ ಕ್ಯಾಮ್ ಎನ್ನುತ್ತಾರೆ. ಇಲ್ಲಿ ತಿರುಪು ನಿಂತಲ್ಲೇ ತಿರುಗುತ್ತದೆ. ಅದರ ತೋಡಿನಲ್ಲಿ ಸಿಕ್ಕಿಕೊಂಡ ಎರಡು ಮೊಳೆಗಳು ಮೇಲಕ್ಕೆ ಕೆಳಕ್ಕೆ ಸರಿಯುತ್ತವೆ. ಪಿನ್ ಎಂದು ಕರೆಯುವ ಈ ಮೊಳೆಗಳು ಒಂದು ಲಿವರಿನ ಮೇಲೆ ಕೂತಿವೆ, ಲಿವರಿನದು ಒಂದು ಶಾಫ್ಟ್, ಶಾಫ್ಟಿನ ಹೊರತುದಿಗೆ ಡ್ರಾಪ್ ಆರ್ಮ್. ಪಿನ್ ಸರಿದಾಗ ಡ್ರಾಪ್ ಆರ್ಮ್ ತೂಗುತ್ತದೆ, ಅದು ಡ್ರ್ಯಾಗ್ ಲಿಂಕನ್ನು ತಳ್ಳುತ್ತದೆ, ಗಾಲಿ ತಿರುಗುತ್ತದೆ.

ಇದು ರಾಸ್ ಕಂಪನಿಯ ಬಾಕ್ಸು. ಅಮೆರಿಕದ ಇಂಡಿಯಾನಾ ರಾಜ್ಯದ ಲಫಾಯೆಟ್ ಎಂಬ ಊರಿನಲ್ಲಿ ಡೇವಿಡ್ ರಾಸ್ ಎಂಬಾತ 1906ರಲ್ಲಿ ಈ ಕಂಪನಿ ಕಟ್ಟಿದ. ಆ ಊರಿನ ಎದುರು, ನದಿಯ ಆಚೆ ದಡದಲ್ಲಿರುವ ಪರ್ಡ್ಯೂ ವಿಶ್ವವಿದ್ಯಾಲಯದ ಕ್ರೀಡಾಂಗಣಕ್ಕೆ ಇವತ್ತಿಗೂ ಆತನ ಹೆಸರಿದೆ. ಅಲ್ಲಿ ಆಟ ನೋಡಲು ಬರುವ ಸಾವಿರಾರು ಜನರಲ್ಲಿ ಸ್ಟೇರಿಂಗ್ ಬಾಕ್ಸನ್ನು ನೆನೆಯುವವರು ಎಷ್ಟಿರಬಹುದೋ. ನಾನಂತೂ ಬಾಕ್ಸ್ ಬಿಚ್ಚಿದ ಪ್ರತಿ ಸಲವೂ ಆತನನ್ನು ನೆನೆದಿದ್ದೇನೆ. ಕಾರಣ, ಆ ತೋಡಿನಲ್ಲಿ ಎರಡು ಜಾಣತನಗಳಿವೆ.

ಒಂದು, ಎರಡು ಪಿನ್ನುಗಳದು. ಜೀಪು ನೆಟ್ಟಗೆ ಹೋಗುವಾಗ ಎರಡೂ ಪಿನ್ನುಗಳು ತೋಡಿನಲ್ಲಿದ್ದು ಭಾರ ಹಂಚಿಕೊಳ್ಳುತ್ತವೆ. ಪೂರ್ತಿ ತಿರುಗಿಸಿದಾಗ ಒಂದು ಪಿನ್ ಹೊರಬೀಳುತ್ತದೆ, ಇನ್ನೊಂದು ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ನಡುವಿನಲ್ಲಿ ಸ್ಟೇರಿಂಗು 12 ಡಿಗ್ರಿ ತಿರುಗಿದರೆ ಡ್ರಾಪ್ ಆರ್ಮ್ 1 ಡಿಗ್ರಿ ತೂಗುತ್ತದೆ, ಕೊನೆಗಳಲ್ಲಿ 14ಕ್ಕೆ 1. ಇಕ್ಕಟ್ಟಿನಲ್ಲಿ ಗಾಡಿ ತಿರುಗಿಸುವಾಗ ಕೈ ಹಗುರವಾಗಲಿ ಎಂದು ಈ ಏರ್ಪಾಡು. ಇದೇ ಲೆಕ್ಕವನ್ನು ತಿರುಗಾ ಮುರುಗಾ ಮಾಡಿದರೆ ನಮ್ಮ ಅರ್ಧ ಗೇಣಿನ ಗುಟ್ಟೂ ತಿಳಿಯುತ್ತದೆ. ಸ್ಟೇರಿಂಗಿನ ಅಂಚಿನಲ್ಲಿ ಅರ್ಧ ಗೇಣು ಎಂದರೆ ಹತ್ತಿರಹತ್ತಿರ 25 ಡಿಗ್ರಿ. 12ರಿಂದ ಭಾಗಿಸಿದರೆ ಡ್ರಾಪ್ ಆರ್ಮಿನಲ್ಲಿ ಬರೀ ಎರಡು ಡಿಗ್ರಿ. ಒಳಗಿನ ಚೂರು ಸವೆತ ಕೈಗೆ ಬರುವಷ್ಟರಲ್ಲಿ ಹನ್ನೆರಡು ಪಟ್ಟಾಗಿರುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. ಯಾವ ಗಾಡಿಯಾದರೂ ಹೆಚ್ಚು ಓಡುವುದು ನೆಟ್ಟಗೆ. ಹಾಗಾಗಿ ತೋಡು ಸವೆಯುವುದೂ ನಡುವಿನಲ್ಲೇ. ಇದನ್ನು ಮೊದಲೇ ಎಣಿಸಿ, ನಡುವಿನಲ್ಲಿ ತೋಡಿನ ಆಳವನ್ನು ಬೇಕೆಂದೇ ಕಡಿಮೆ ಇಟ್ಟಿದ್ದಾರೆ. ಪಿನ್ ಅಲ್ಲಿ ಒಂದು ಚೂರು ಬಿಗಿ, ಕೊನೆಗಳಲ್ಲಿ ಸಡಿಲು. ನಡು ಸವೆದಂತೆ ಆ ಸ್ಕ್ರೂ ತುಸು ತಿರುಗಿಸಿ ಪಿನ್ನನ್ನು ಒಳಕ್ಕೆ ತಳ್ಳಬಹುದು. ಆದರೆ ಸವೆಯಲು ಇಟ್ಟ ಆ ಗಂಟು ಒಂದು ದಿನ ಮುಗಿದುಹೋಗುತ್ತದೆ. ಆಮೇಲೆ ನಡುವಿನ ಪ್ಲೇ ಹೋಗುವ ತನಕ ಸ್ಕ್ರೂ ಬಿಗಿಸಿದರೆ, ಸವೆಯದೆ ಉಳಿದ ಕೊನೆಗಳಲ್ಲಿ ಪಿನ್ ಕಚ್ಚಿಕೊಳ್ಳುತ್ತದೆ. ಬಿಸಿಲೆಯ ತಿರುವಿನಲ್ಲಿ ನಮಗಾದದ್ದು ಅದೇ. ಸ್ಕ್ರೂ ಕೊನೆಯದಾಗಿ ಮುಟ್ಟಬೇಕಾದದ್ದು. ನಮ್ಮಲ್ಲಿ ಎಲ್ಲರೂ ಅದನ್ನೇ ಮೊದಲು ಮುಟ್ಟುತ್ತಾರೆ.

ಹಾಗೆಂದು ಪ್ಲೇ ಪೂರ್ತಿ ಬಾಕ್ಸಿನದೇ ಎಂದು ತಿಳಿಯುವುದೂ ತಪ್ಪು. ಈ ಜೀಪಿನಲ್ಲಿ ಡ್ರ್ಯಾಗ್ ಲಿಂಕ್ ನೇರವಾಗಿ ಗಾಲಿಗೆ ಹೋಗುವುದಿಲ್ಲ. ಮುಂದಿನ ಆಕ್ಸಲಿನ ನಡುವೆ ಬೆಲ್ ಕ್ರ್ಯಾಂಕ್ ಎಂಬ ಮೊಣಕೈಯಿದೆ, ಅಲ್ಲಿಂದ ಎರಡು ಟೈ ರಾಡ್ ಎರಡು ಗಾಲಿಗೆ. ಎಲ್ಲ ಕೀಲೂ ಸವೆಯುವ ಕೀಲೇ. ಒಂದು ಭಾನುವಾರ ಮಗಳನ್ನು ಸೀಟಿನಲ್ಲಿ ಕೂರಿಸಿ, ನಾನು ಗೋಣಿ ಹಾಸಿಕೊಂಡು ಕೆಳಗೆ ಮಲಗಿದೆ.

“ಪುಟ್ಟಿ, ಎಡಕ್ಕೆ ಒಂಚೂರು. ಈಗ ಬಲಕ್ಕೆ. ಬಿಗಿ ಅನ್ಸಿದ ಕೂಡ್ಲೆ ನಿಲ್ಸು.”

ಅವಳು ತಿರುಗಿಸುತ್ತಿದ್ದಳು, ನಾನು ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದೆ. ಕಣ್ಣಿಗೆ ಕಾಣದ ಸಡಿಲು ಬೆರಳಿಗೆ ಗೊತ್ತಾಗುತ್ತದೆ. ಕೀಲಿನ ಎರಡೂ ಭಾಗಕ್ಕೆ ತಾಗುವಂತೆ ಬೆರಳಿಟ್ಟರೆ ಒಂದು ಹೊರಟ ಮೇಲೆ ಇನ್ನೊಂದು ಹೊರಡುವುದು ಚರ್ಮಕ್ಕೆ ಕುಟುಕಿದಂತೆ ತಿಳಿಯುತ್ತದೆ. ಬೆಲ್ ಕ್ರ್ಯಾಂಕ್ ತನ್ನ ಪಿನ್ನಿನ ಮೇಲೆ ಕುಣಿಯುತ್ತಿತ್ತು. ಡ್ರ್ಯಾಗ್ ಲಿಂಕಿನ ಒಂದು ತುದಿಯೊಳಗಿನ ಸ್ಪ್ರಿಂಗ್ ಮುರಿದಿತ್ತು. ಬಾಕ್ಸನ್ನು ಚಾಸಿಗೆ ಹಿಡಿದಿದ್ದ ಒಂದು ಬೋಲ್ಟು ಸಡಿಲವಾಗಿ, ಸ್ಟೇರಿಂಗ್ ತಿರುಗಿಸಿದಾಗ ಬಾಕ್ಸೇ ಮಿಸುಕುತ್ತಿತ್ತು. ಹಳೆ ಜೀಪುಗಳಲ್ಲಿ ಆ ಜಾಗದಲ್ಲಿ ಚಾಸಿಯೇ ಬಿರುಕು ಬಿಡುವುದುಂಟು. ತಂತಿ ಬ್ರಷ್ಷಿನಿಂದ ಉಜ್ಜಿ ನೋಡಿದೆ, ನಮ್ಮದು ಗಟ್ಟಿಯಿತ್ತು.

ಇವನ್ನೆಲ್ಲ ಮೊದಲು ಸರಿ ಮಾಡಿದೆ. ಅರ್ಧ ಗೇಣು ಇದ್ದದ್ದು ಮೂರು ಬೆರಳಗಲಕ್ಕೆ ಇಳಿಯಿತು. ಉಳಿದದ್ದು ಬಾಕ್ಸಿನ ಪಾಲು.

ಬಾಕ್ಸನ್ನು ಹೊರತೆಗೆಯುವ ಕೆಲಸದಲ್ಲಿ ಅವಸರಕ್ಕೆ ಜಾಗವಿಲ್ಲ. ಹಾರ್ನ್ ಬಟನ್ ತೆಗೆದು, ಒಳಗಿನ ತಂತಿ ಬಿಡಿಸಿ, ದೊಡ್ಡ ನಟ್ಟು ಬಿಚ್ಚಿ, ಪುಲ್ಲರ್ ಹಾಕಿ ಸ್ಟೇರಿಂಗನ್ನು ಎಳೆದು ತೆಗೆಯಬೇಕು. ಕಂಬಿಯ ತಲೆಗೆ ಸುತ್ತಿಗೆಯಿಂದ ಹೊಡೆಯುವವರಿದ್ದಾರೆ. ಆ ಪೆಟ್ಟು ನೇರ ಕೆಳಗಿನ ಬೇರಿಂಗಿಗೆ ಬೀಳುತ್ತದೆ. ಗೋಲಿಗಳು ಬಟ್ಟಲಿಗೆ ಒತ್ತಿ ಗುಳಿ ಮಾಡುತ್ತವೆ, ಆಮೇಲೆ ಸ್ಟೇರಿಂಗು ಆ ಗುಳಿಗಳಲ್ಲಿ ಮೆಟ್ಟಿಲು ಇಳಿದಂತೆ ತಡೆತಡೆದು ತಿರುಗುತ್ತದೆ.

ಡ್ರಾಪ್ ಆರ್ಮ್ ಇನ್ನೂ ಹಟಮಾರಿ. ಹಲ್ಲು ಹಲ್ಲಿನ ಶಾಫ್ಟಿನ ಮೇಲೆ ಅದು ಎಂಬತ್ತು ವರ್ಷದಿಂದ ಕೂತಿದೆ. ಮೊದಲು ಪಂಚಿನಿಂದ ಆರ್ಮಿಗೂ ಶಾಫ್ಟಿಗೂ ಸೇರುವಂತೆ ಗುರುತು ಹೊಡೆದುಕೊಂಡೆ. ಒಂದು ಹಲ್ಲು ಆಚೀಚೆ ಕೂತರೂ ಬಾಕ್ಸಿನ ನಡುವೂ ಗಾಲಿಯ ನಡುವೂ ಹೊಂದುವುದಿಲ್ಲ. ಗ್ಯಾಸ್ ಉರಿ ತೋರಿಸಿದರೆ ಬೇಗ ಬರುತ್ತದೆ ಎಂದು ಹೇಳಿದವರುಂಟು. ಹದ ಹಾಕಿದ ಉಕ್ಕಿಗೆ ಹಾಗೆ ಬೆಂಕಿ ಹಿಡಿದರೆ ಹದ ಹೋಗುತ್ತದೆ, ಮುರಿಯುವುದೋ ಬಾಗುವುದೋ ರಸ್ತೆಯ ಮೇಲೇ ಗೊತ್ತಾಗಬೇಕು. ನಾನು ಸಂದಿಗೆ ಡೀಸೆಲ್ ಬಿಟ್ಟು, ಪುಲ್ಲರನ್ನು ಬಿಗಿ ಮಾಡಿ, ಆರ್ಮಿನ ಕಣ್ಣಿಗೆ ಎರಡು ಏಟು ಕೊಟ್ಟು, ಹಾಗೇ ಬಿಟ್ಟು ಬಂದೆ. ರಾತ್ರಿ ಊಟಕ್ಕೆ ಕೂತಾಗ ಶೆಡ್ಡಿನಿಂದ ಠಣ್ ಎಂದು ಸದ್ದು ಬಂತು. ಅಪ್ಪ ತಟ್ಟೆಯಿಂದ ತಲೆ ಎತ್ತದೆ, “ಬಿಡ್ತು ನೋಡು,” ಅಂದರು.

ಕಂಬಿ ಮತ್ತು ಬಾಕ್ಸ್ ಈ ಜೀಪಿನಲ್ಲಿ ಒಂದೇ ತುಂಡು. ನಡುವೆ ಕೀಲಿಲ್ಲ. ಹೊರತೆಗೆದು ಮರದ ಬೆಂಚಿನ ಮೇಲೆ ಮಲಗಿಸಿದಾಗ ಅದು ಈಟಿಯ ಹಾಗೆ ಕಂಡಿತು. ಮುಂದಿನಿಂದ ಗುದ್ದಿದರೆ ಇದು ನೇರ ಎದೆಗೇ ಬರುತ್ತದೆ. ಗುದ್ದಿದಾಗ ಕುಸಿಯುವ ಕಂಬಿಗಳು ಅಮೆರಿಕದ ದೊಡ್ಡ ಕಾರುಗಳಿಗೆ ಬಂದದ್ದೇ 1967ರ ಹೊತ್ತಿಗೆ. ಅದನ್ನು ನೋಡಿದ ಮೇಲೆ ನಾನು ಈ ಜೀಪಿನಲ್ಲಿ ನಲವತ್ತು ಕಿಲೋಮೀಟರಿಗಿಂತ ವೇಗ ಹೋಗಿಲ್ಲ.

ಪಕ್ಕದ ಮುಚ್ಚಳ ಬಿಚ್ಚಿದಾಗ ಒಳಗೆ ಇದ್ದದ್ದು ಎಣ್ಣೆಯಲ್ಲ, ಗ್ರೀಸು. ಕರ್ರಗೆ, ಅಲ್ಲಲ್ಲಿ ಬೆಲ್ಲದ ಪಾಕ ಗಟ್ಟಿಯಾದ ಹಾಗೆ. ಈ ಬಾಕ್ಸಿಗೆ ಹಾಕಬೇಕಾದದ್ದು ಗೇರ್ ಆಯಿಲ್. ಸೀಲ್ ಹೋಗಿ ಎಣ್ಣೆ ಸೋರಲು ಶುರುವಾದಾಗ, ಸೋರುವುದನ್ನು ನಿಲ್ಲಿಸಲು ಯಾರೋ ಗ್ರೀಸ್ ತುಂಬಿದ್ದರು. ಮಲೆನಾಡಿನಲ್ಲಿ ನಾನು ನೋಡಿದ ಬಹುತೇಕ ಜೀಪುಗಳ ಕಥೆ ಇದು. ಎಣ್ಣೆಯಾದರೆ ಪಿನ್ ಹಾದುಹೋದ ಮೇಲೆ ಮತ್ತೆ ಹರಿದು ಬಂದು ತೋಡು ತುಂಬುತ್ತದೆ. ಗಟ್ಟಿ ಗ್ರೀಸ್ ಒಮ್ಮೆ ಪಕ್ಕಕ್ಕೆ ಸರಿದರೆ ಅಲ್ಲೇ ಗೋಡೆ ಹಿಡಿದು ಕೂರುತ್ತದೆ. ಬಾಕ್ಸ್ ತುಂಬ ಗ್ರೀಸಿದ್ದೂ ಪಿನ್ ಒಣಗಿ ತಿರುಗುತ್ತದೆ. ಮೇಲಿನ ಬೇರಿಂಗಿಗಂತೂ ಅದು ತಲುಪುವುದೇ ಇಲ್ಲ.

ಸೀಮೆಎಣ್ಣೆಯಲ್ಲಿ ತೊಳೆದು ಕ್ಯಾಮನ್ನು ಬೆಳಕಿಗೆ ಹಿಡಿದೆ. ತೋಡಿನ ಎರಡೂ ಕೊನೆ ನಿನ್ನೆ ಕಾರ್ಖಾನೆಯಿಂದ ಬಂದ ಹಾಗೆ ಹೊಳೆಯುತ್ತಿದ್ದವು. ನಡುವಿನಲ್ಲಿ ಸುಮಾರು ಎರಡು ಬೆರಳು ಉದ್ದಕ್ಕೆ ಹೊಳಪು ಹೋಗಿ, ಸಿಡುಬಿನ ಕಲೆಯಂಥ ಗುಳಿಗಳು. ಉಗುರು ಎಳೆದರೆ ತಡೆಯುತ್ತಿತ್ತು. ಅಪ್ಪನ ನಲವತ್ತು ವರ್ಷ, ಅಜ್ಜನದೊಂದಿಷ್ಟು, ಯಾವುದೋ ದೇಶದ ಸೈನಿಕರದೊಂದಿಷ್ಟು, ಎಲ್ಲ ನೇರ ದಾರಿಯೂ ಆ ಎರಡು ಬೆರಳಿನಲ್ಲಿತ್ತು. ಪಿನ್ನುಗಳ ದುಂಡು ಮೈ ಎರಡೂ ಕಡೆ ಚಪ್ಪಟೆಯಾಗಿತ್ತು. ಶಾಫ್ಟಿನ ಬುಷ್‌ಗಳು ಮೊಟ್ಟೆಯಾಕಾರಕ್ಕೆ ಬಂದಿದ್ದವು.

ಬೇರಿಂಗಿನ ಗೋಲಿಗಳ ವಿಷಯದಲ್ಲಿ ಒಂದು ಮಾತು. ಈ ಬಾಕ್ಸಿನಲ್ಲಿ ಕ್ಯಾಮಿನ ಮೇಲೊಂದು ಕೆಳಗೊಂದು ಬೇರಿಂಗು, ಎರಡರಲ್ಲೂ ಬಿಡಿ ಗೋಲಿಗಳು. ತೆಗೆಯುವಾಗ ಕೆಳಗೆ ಅಗಲದ ತಟ್ಟೆ ಇಡಬೇಕು, ಮೇಲಿನವು ಎಷ್ಟು, ಕೆಳಗಿನವು ಎಷ್ಟು ಎಂದು ಅಲ್ಲೇ ಎಣಿಸಿ ಬರೆದುಕೊಳ್ಳಬೇಕು. ನನ್ನ ಒಂದು ಗೋಲಿ ಉರುಳಿ ಕಾಫಿ ಹೊಟ್ಟಿನ ರಾಶಿಗೆ ಸೇರಿತು. ಹಳೆ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಒಂದು ಮಧ್ಯಾಹ್ನವಿಡೀ ಹುಡುಕಿದೆ. ಸಿಕ್ಕಿತು. ಆದರೂ ಹಳೆಯವನ್ನು ಮತ್ತೆ ಹಾಕಲಿಲ್ಲ. ಸವೆದ ಗೋಲಿಗಳ ನಡುವೆ ಒಂದೆರಡು ಹೊಸದು ಸೇರಿಸಿದರೆ ಭಾರವೆಲ್ಲ ಆ ಹೊಸದರ ಮೇಲೇ ಬೀಳುತ್ತದೆ. ಪೂರ್ತಿ ಹೊಸದೇ ತಂದೆ.

ಆಮೇಲಿನ ಪರೀಕ್ಷೆ ಬಿರುಕಿನದು. ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆ ಬಣ್ಣದ ದ್ರಾವಣಗಳಿವೆ. ಹಳಬರ ದಾರಿ ಸೀಮೆಎಣ್ಣೆ, ಸೀಮೆಸುಣ್ಣ. ಡ್ರಾಪ್ ಆರ್ಮ್, ಲಿವರ್ ಶಾಫ್ಟ್, ಬಾಕ್ಸಿನ ಎರಕ ಮೂರನ್ನೂ ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಚೆನ್ನಾಗಿ ಒರೆಸಿ, ಮೈಗೆಲ್ಲ ಸೀಮೆಸುಣ್ಣದ ಪುಡಿ ಬಳಿದು ಬಿಸಿಲಿಗಿಟ್ಟೆ. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ನಿಧಾನವಾಗಿ ಹೊರಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಆರ್ಮ್ ಬೆಳ್ಳಗೇ ಉಳಿಯಿತು, ಎರಕವೂ ಉಳಿಯಿತು. ಶಾಫ್ಟಿನಲ್ಲಿ ಲಿವರ್ ಸೇರುವ ಮೂಲೆಯಲ್ಲಿ ಕೂದಲಿನಂಥ ಗೆರೆ ಮೂಡಿತು. ಒರೆಸಿ ಮತ್ತೆ ಬಳಿದೆ, ಮತ್ತೆ ಅಲ್ಲೇ ಮೂಡಿತು.

ಆ ಗೆರೆ ನೋಡುತ್ತಾ ಬಹಳ ಹೊತ್ತು ಕೂತಿದ್ದೆ. ಅದರ ಮೇಲೆ ನಾವೆಲ್ಲ ಓಡಾಡಿದ್ದೆವು. ವೆಲ್ಡಿಂಗ್ ಮಾಡಿಸಿದರೆ ಸಾಕು ಎಂದು ಒಬ್ಬರು ಧೈರ್ಯ ಹೇಳಿದರು. ಸ್ಟೇರಿಂಗಿನ ಯಾವ ಭಾಗಕ್ಕೂ ವೆಲ್ಡಿಂಗ್ ಕೂಡದು. ಗೇರ್ ಬಾಕ್ಸ್ ಮುರಿದರೆ ಗಾಡಿ ನಿಲ್ಲುತ್ತದೆ, ಸ್ಟೇರಿಂಗ್ ಮುರಿದರೆ ಗಾಡಿ ನಿಲ್ಲುವುದಿಲ್ಲ.

ಬಿಡಿಭಾಗಕ್ಕೆ ಬೆಂಗಳೂರಿಗೆ ಹೋದೆ. ಜೆ.ಸಿ. ರಸ್ತೆಯಲ್ಲಿ ಹೊಸ ಕ್ಯಾಮು, ಹೊಸ ಲಿವರ್ ಶಾಫ್ಟು ಸಿಕ್ಕಿತು. ಮನೆಗೆ ತಂದು ಒಣದಾಗಿ ಜೋಡಿಸಿ ತಿರುಗಿಸಿದರೆ ನಡುವಿನಲ್ಲಿ ಸಡಿಲು, ಒಂದು ಕೊನೆಯಲ್ಲಿ ಬಿಗಿ. ಆಕಾರ ನಕಲು ಮಾಡಿದ್ದರು, ತೋಡಿನ ಆಳದ ಗುಟ್ಟು ಅವರಿಗೆ ಗೊತ್ತಿದ್ದಂತಿರಲಿಲ್ಲ. ಶಾಫ್ಟ್ ಮಾತ್ರ ಚೆನ್ನಾಗಿತ್ತು, ಅದನ್ನು ಇಟ್ಟುಕೊಂಡು ಕ್ಯಾಮನ್ನು ಹಿಂದಿರುಗಿಸಿದೆ. ಆಮೇಲೆ ಶಿವಾಜಿನಗರದ ಗುಜರಿ. ಅಲ್ಲಿ ಮೂರು ಹಳೇ ಬಾಕ್ಸುಗಳಿದ್ದವು. ಜೇಬಿನಲ್ಲಿ ನನ್ನ ಶಾಫ್ಟಿತ್ತು. ಅಂಗಡಿಯ ಕಟ್ಟೆಯ ಮೇಲೇ ಒಂದೊಂದನ್ನೂ ಬಿಚ್ಚಿ, ಪಿನ್ನನ್ನು ತೋಡಿನಲ್ಲಿಟ್ಟು ಈ ಕೊನೆಯಿಂದ ಆ ಕೊನೆಗೆ ಜಾರಿಸಿ ನೋಡಿದೆ. ಎರಡರಲ್ಲಿ ನಡು ಬಂದಾಗ ಪಿನ್ ತೊಪ್ಪನೆ ಇಳಿಯಿತು. ಮೂರನೆಯದರಲ್ಲಿ ನಡುವಿಗೆ ಬಂದಾಗ ಹೊಸ್ತಿಲು ಏರಿದ ಹಾಗೆ ತುಸು ಮೇಲೆದ್ದಿತು. ಹೊರಗಿನಿಂದ ಮೂರರಲ್ಲಿ ಅದೇ ಹೆಚ್ಚು ತುಕ್ಕು ಹಿಡಿದದ್ದು. ಬಹುಶಃ ಹೆಚ್ಚು ಓಡದೆ ಮೂಲೆಯಲ್ಲಿ ನಿಂತು ತುಕ್ಕು ಹಿಡಿದ ಜೀಪಿನದು. ಅದನ್ನು ಎದೆಗವಚಿಕೊಂಡು ರಾತ್ರಿ ಬಸ್ಸು ಹತ್ತಿದೆ.

ಬುಷ್ ಕೆಲಸ ನನ್ನ ಕೈಯದಲ್ಲ. ಸಕಲೇಶಪುರದಲ್ಲಿ ಲೇತ್ ಇಟ್ಟುಕೊಂಡ ಆಚಾರ್ರು ಒಬ್ಬರಿದ್ದಾರೆ. ಅವರು ಗನ್‌ಮೆಟಲ್ ಬುಷ್ ಕಡೆದು, ಬಾಕ್ಸಿಗೆ ಒತ್ತಿ ಕೂರಿಸಿದರು. ಒತ್ತಿದಾಗ ಬುಷ್ಷಿನ ತೂತು ತುಸು ಕಿರಿದಾಗುತ್ತದೆ, ಆಮೇಲೆ ರೀಮರ್ ಹಾಕಿ ಹದಕ್ಕೆ ತರಬೇಕು. ಎರಡೂ ಬುಷ್ಷುಗಳಿಗೆ ಒಂದೇ ಓಟದಲ್ಲಿ ರೀಮರ್ ಹಾಯಬೇಕು, ಇಲ್ಲದಿದ್ದರೆ ಎರಡೂ ತೂತು ಒಂದೇ ಗೆರೆಯಲ್ಲಿ ಬರುವುದಿಲ್ಲ.

“ಆಚಾರ್ರೇ, ಎಷ್ಟು ಬಿಗಿ ಇರ್ಬೇಕು?” ಎಂದು ಕೇಳಿದೆ.

“ಅಳತೆ ಆಮೇಲೆ ಹೇಳ್ತೀನಿ. ಎಣ್ಣೆ ಹಚ್ಚಿ ಶಾಫ್ಟ್ ನಿಲ್ಸಿ ಬಿಟ್ರೆ ಅದ್ರ ಭಾರಕ್ಕೆ ಅದೇ ಇಳೀಬೇಕು. ಬೀಳ್ಬಾರ್ದು.”

ಕಾಲು ಸುತ್ತು ರೀಮರ್ ತಿರುಗಿಸುವುದು, ತೆಗೆದು ಒರೆಸುವುದು, ಶಾಫ್ಟ್ ಬಿಟ್ಟು ನೋಡುವುದು. ನಾಲ್ಕನೆಯ ಸಲ ಶಾಫ್ಟ್ ಅರ್ಧಕ್ಕೆ ನಿಂತಿತು. ಆರನೆಯ ಸಲ ಬಾವಿಗೆ ನಿಧಾನವಾಗಿ ಕೊಡ ಇಳಿದ ಹಾಗೆ ಇಳಿದು ತಳ ಮುಟ್ಟಿತು. ಆಚಾರ್ರು ಕೈ ಒರೆಸಿಕೊಂಡು ಬೀಡಿ ಹಚ್ಚಿದರು. ಅಳತೆ ಹೇಳುವ ಅಗತ್ಯ ಇಬ್ಬರಿಗೂ ಕಾಣಲಿಲ್ಲ.

ಜೋಡಿಸುವ ಕ್ರಮ ಅಮೆರಿಕದ ಸೇನೆಯ ಕೈಪಿಡಿಗಳಲ್ಲಿದೆ. ಬಳಸುವವರಿಗೆ 1944ರ ಫೆಬ್ರವರಿಯ ಟಿಎಂ 9-803, ರಿಪೇರಿಯವರಿಗೆ ಅದರ ಜೊತೆಯ ಸಂಪುಟಗಳು. ಕಾಲೇಜಿನ ಮೆಟ್ಟಿಲು ಹತ್ತದ ಹುಡುಗನೂ ಓದಿ ಮಾಡುವಂತೆ ಬರೆದ ಪುಸ್ತಕಗಳು ಅವು. ಇಂಥ ಕೈಪಿಡಿ ಕನ್ನಡದಲ್ಲಿ ಇದ್ದಿದ್ದರೆ ನಮ್ಮ ಎಷ್ಟೋ ಹುಡುಗರು ಏಟು ತಿಂದು ಕಲಿಯುವುದು ತಪ್ಪುತ್ತಿತ್ತು ಎಂದು ಪುಟ ತಿರುಗಿಸುವಾಗಲೆಲ್ಲ ಅನ್ನಿಸಿದೆ.

ಮೊದಲು ಕ್ಯಾಮಿನ ಬೇರಿಂಗ್ ಹದಕ್ಕೆ ಬರಬೇಕು. ಬಾಕ್ಸಿಗೂ ಮೇಲಿನ ಮುಚ್ಚಳಕ್ಕೂ ನಡುವೆ ಶಿಮ್ ಎಂಬ ತೆಳು ತಗಡುಗಳನ್ನು ಇಡುತ್ತಾರೆ. ಒಂದು ತೆಗೆದರೆ ಬಿಗಿ, ಒಂದು ಸೇರಿಸಿದರೆ ಸಡಿಲು. ಹಳೆಯ ಶಿಮ್ಮುಗಳು ಪುಡಿಯಾಗಿದ್ದವು. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ತಗಡು ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ದಪ್ಪ. ಅದನ್ನು ಕತ್ತರಿಸಿ ಅಂದಾಜು ಹಿಡಿದು, ಕೊನೆಗೆ ಅಷ್ಟೇ ದಪ್ಪದ ಹಿತ್ತಾಳೆ ತಗಡಿನಲ್ಲಿ ಶಾಶ್ವತವಾದದ್ದು ಮಾಡಿದೆ. ಹೆಬ್ಬೆರಳು, ತೋರುಬೆರಳು ಎರಡರಿಂದ ಮೆಲ್ಲಗೆ ಹಿಡಿದರೆ ಸ್ಟೇರಿಂಗು ತಿರುಗಬೇಕು, ಮೇಲೆ ಕೆಳಗೆ ಎಳೆದರೆ ಮಿಸುಕಬಾರದು. ಹನ್ನೊಂದು ಸಲ ಬಿಚ್ಚಿ ಹಾಕಿದೆ. ಹತ್ತನೆಯ ಸಲಕ್ಕೇ ಸಾಕು ಅನ್ನಿಸಿತ್ತು, ಬೆರಳು ಒಪ್ಪಲಿಲ್ಲ.

ಶಾಫ್ಟ್, ಹೊಸ ಸೀಲ್, ಪಕ್ಕದ ಮುಚ್ಚಳ ಕೂರಿಸಿದ ಮೇಲೆ ಕೊನೆಗೆ ಸ್ಕ್ರೂವಿನ ಸರದಿ. ಮೊದಲು ನಡು ಹುಡುಕಬೇಕು. ಒಂದು ಕೊನೆಯಿಂದ ಇನ್ನೊಂದಕ್ಕೆ ಎಷ್ಟು ಸುತ್ತು ಎಣಿಸಿ, ಅರ್ಧಕ್ಕೆ ತಂದು ನಿಲ್ಲಿಸಿ, ಸೀಮೆಸುಣ್ಣದ ಗುರುತು ಹಾಕಿದೆ. ಆ ಜಾಗದಲ್ಲಿ ಮಾತ್ರ ಸ್ಕ್ರೂ ತಿರುಗಿಸುತ್ತಾ ಹೋದೆ. ನಡು ದಾಟುವಾಗ ಸಣ್ಣದೊಂದು ತಡೆ ಬಂತು, ಬೆಣ್ಣೆಯ ಮೇಲೆ ಚಾಕು ಹಾದ ಹಾಗೆ. ದಾಟಿದ ಮೇಲೆ ಎರಡೂ ಕಡೆ ಹಗುರ. ಎಂಬತ್ತು ವರ್ಷದ ಹಿಂದೆ ಯಾರೋ ತೋಡಿನಲ್ಲಿ ಬಿಟ್ಟಿದ್ದ ಆ ಚೂರು ಎತ್ತರ ನನ್ನ ಕೈಗೆ ತಾಗಿತ್ತು. ಲಾಕ್ ನಟ್ ಬಿಗಿಸಿ ಮತ್ತೊಮ್ಮೆ ನೋಡಿದೆ, ನಟ್ ಬಿಗಿಸುವಾಗ ಸ್ಕ್ರೂ ತಾನೂ ಸ್ವಲ್ಪ ತಿರುಗಿಬಿಡುತ್ತದೆ.

ದಪ್ಪ ಗೇರ್ ಆಯಿಲ್ ಹಾಕಿ, ಜೀಪಿಗೆ ಕೂರಿಸಿ, ಹಳೆ ಶಾಫ್ಟಿನ ಪಂಚಿನ ಗುರುತನ್ನು ಹೊಸದಕ್ಕೆ ಇಳಿಸಿಕೊಂಡು, ಗುರುತಿಗೆ ಗುರುತು ಸೇರಿಸಿ ಡ್ರಾಪ್ ಆರ್ಮ್ ಹಾಕಿದೆ. ಬಿಚ್ಚಿದ ಸ್ಪ್ಲಿಟ್ ಪಿನ್ನುಗಳನ್ನೆಲ್ಲ ಎಸೆದು ಹೊಸದನ್ನೇ ಹಾಕಿದೆ. ಮುಂದಿನ ಟೈರುಗಳಿಗೆ ಗೆರೆ ಎಳೆದು ಟೇಪು ಹಿಡಿದು, ಮುಂಭಾಗ ಹಿಂಭಾಗಕ್ಕಿಂತ ಒಂದೆರಡು ಮಿಲಿಮೀಟರ್ ಕಿರಿದಿರುವಂತೆ ಟೈ ರಾಡ್ ಹೊಂದಿಸಿದೆ. ಪ್ಲೇ ಈಗ ಒಂದು ಬೆರಳಗಲ. ಅಷ್ಟು ಇರಬೇಕು.

ಮೊದಲ ಸವಾರಿ ಅಪ್ಪನದೇ. ಎಪ್ಪತ್ತೆಂಟಾಗಿದ್ದರೂ ತೋಟದೊಳಗಿನ ದಾರಿಯಲ್ಲಿ ಈಗಲೂ ಅವರೇ ಓಡಿಸುತ್ತಾರೆ. ಎರಡನೇ ಗೇರಿಗೆ ಬಂದು, ಕೆರೆಯ ತಿರುವಿಗೆ ಇನ್ನೂ ಹತ್ತು ಮಾರು ಇರುವಾಗಲೇ ಅವರ ಕೈ ರೂಢಿಯ ಪ್ರಕಾರ ಸ್ಟೇರಿಂಗನ್ನು ಎಳೆದುಕೊಂಡಿತು. ಎಳೆದುಕೊಳ್ಳಲು ಅಲ್ಲಿ ಸಡಿಲಿರಲಿಲ್ಲ. ಜೀಪು ಹೇಳಿದ ಮಾತು ಕೇಳಿ ನೇರ ಸಿಲ್ವರ್ ಓಕ್ ಮರದ ಕಡೆ ತಿರುಗಿತು. ಅಪ್ಪ ಬ್ರೇಕ್ ಒತ್ತಿದರು. ಮೆಣಸಿನ ಬಳ್ಳಿಯ ನಾಲ್ಕೆಲೆ ಬಾನೆಟ್ಟಿನ ಮೇಲೆ ಉದುರಿತು.

ಅವರು ಮಾತಾಡಲಿಲ್ಲ. ಹಿಂದಕ್ಕೆ ತೆಗೆದು ಮತ್ತೆ ಹೊರಟರು. ಎರಡನೇ ಸುತ್ತಿನಲ್ಲೂ ಕೈ ತೂಗಿತು, ಜೀಪು ದಾರಿಯ ಮೇಲೆ ಹಾವಿನ ಹಾಗೆ ಹೊರಳಿತು. ಮೂರನೇ ಸುತ್ತಿಗೆ ಅವರ ಭುಜ ಇಳಿದದ್ದು ಕಂಡೆ. ಕೆರೆ ದಾಟಿ ಕಣದ ಕಡೆಯ ನೇರ ದಾರಿಗೆ ಬಂದಾಗ ಕೈ ನಿಂತಿತ್ತು. ಅಲುಗದೆ ಸುಮ್ಮನೆ ಸ್ಟೇರಿಂಗಿನ ಮೇಲೆ ಕೂತಿತ್ತು. ಆ ಕೈ ಹಾಗೆ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಣದ ಹತ್ತಿರ ಬ್ರೇಕ್ ಹಾಕಿ ನಿಲ್ಲಿಸಿದರು. ಇಳಿಯಲಿಲ್ಲ. ಮತ್ತೆ ನಾಲ್ಕು ಮಾರು ಮುಂದೆ ಹೋಗಿ ಮತ್ತೆ ಬ್ರೇಕ್ ಹಾಕಿದರು.

“ಎಡಕ್ಕೆ ಎಳೀತದೆ,” ಅಂದರು. “ಇಷ್ಟು ವರ್ಷ ಗೊತ್ತೇ ಆಗಿರ್ಲಿಲ್ಲ ನೋಡು. ಆ ಡ್ರಮ್ ಬಿಚ್ಚು.”

ನಾನು ಜಾಕಿ ತರಲು ಶೆಡ್ಡಿಗೆ ಹೋದೆ.